ತಂತಿ ಕಟ್ಟಿದ ಪೆನ್ನು

ಅವರ ಪೆನ್ನು ಜೇಬಿನೊಳಗೆ ಇರುತ್ತಿರಲಿಲ್ಲ, ಎದೆಯ ಮೇಲೆ ನೇತಾಡುತ್ತಿತ್ತು. ಖಾಕಿ ಅಂಗಿಯ ಎರಡನೆಯ ಗುಂಡಿಯ ತೂತಿಗೆ ಸಣ್ಣ ಸ್ಟೀಲ್ ತಂತಿಯನ್ನು ಜಡೆಯ ಹಾಗೆ ಹೆಣೆದು, ಅದರ ತುದಿಗೆ ಒಂದು ನೀಲಿ ಬಾಲ್‌ಪೆನ್ನು ಬಿಗಿದಿದ್ದರು. ಬಗ್ಗಿದರೆ ಅದು ಅರ್ಧ ಗೇಣು ಮುಂದೆ ಜೋತಾಡುತ್ತಿತ್ತು. ಬರೆಯಬೇಕಾದರೆ ಪುಸ್ತಕವನ್ನೇ ಎದೆಯ ಹತ್ತಿರ ಎತ್ತಿ ಹಿಡಿದು, ಗದ್ದವನ್ನು ಕತ್ತಿಗೊತ್ತಿ, ಕಣ್ಣು ಕೆಳಗೆ ಮಾಡಿ ಬರೆಯುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. "ಏನ್ ಅಂಕಲ್, ಇಲ್ಲಿ ಪೆನ್ನು ಕಳ್ಳರು ಜಾಸ್ತೀನಾ?" ಅಂದೆ. ಅವರು ನಗಲಿಲ್ಲ. "ಪೆನ್ನು ಕಳೆದ್ರೆ ಅಂಗಡೀಲಿ ಇನ್ನೊಂದು ಸಿಗತ್ತಮ್ಮ. ಎಲ್ಲಿ ಕಳೀತು ಅನ್ನೋದು ಮುಖ್ಯ" ಅಂದರು. ಆ ಮಾತು ನನಗೆ ಅರ್ಥವಾಗಲು ಏಳು ವರ್ಷ ಹಿಡಿಯಿತು.

ಅವರು ತೀರಿಕೊಂಡ ಮೇಲೆ ಇಲ್ಲಿ ಸಿಂಗಪುರದ ಕನ್ನಡಿಗರ ಬಳಗದವರು ಸ್ಮರಣಸಂಚಿಕೆಗೆಂದು ನನ್ನಿಂದ ನಾಲ್ಕು ಪುಟ ಬರೆಸಿಕೊಂಡರು. ಕೊನೆಯ ಪುಟ ಓದಿದ ಸಂಪಾದಕರು ಫೋನ್ ಮಾಡಿದರು. "ಮೇಡಂ, ಎಲ್ಲಾ ಸೂಪರ್ ಆಗಿದೆ. ಲಾಸ್ಟ್ ಪೇಜ್ ಮಾತ್ರ ಕಟ್ ಮಾಡೋಣ. ಹೋದವರ ಬಗ್ಗೆ ಹೀಗೆಲ್ಲ ಯಾಕೆ ಬರೀಬೇಕು?" ಕತ್ತರಿಸುವುದಾದರೆ ನಾಲ್ಕೂ ಪುಟ ಕತ್ತರಿಸಿ ಅಂತ ಹೇಳಿ ವಾಪಸ್ಸು ತಂದೆ. ಈಗ ಇಡಿಯಾಗಿ ಬರೆಯುತ್ತಿದ್ದೇನೆ. ಕೊನೆಯ ಪುಟ ತೆಗೆದರೆ ಉಳಿಯುವವರು ಯಾರೋ ಬೇರೆ, ಅವರಲ್ಲ.

ಸಿಂಗಪುರದ ಉತ್ತರದ ಅಂಚಿಗೆ, ಸೆಲೆಟಾರ್‌ನ ಹಳೆಯ ವಿಮಾನ ನೆಲೆಯಲ್ಲಿ ನಮ್ಮ ಫ್ಲೈಯಿಂಗ್ ಕ್ಲಬ್ ಇತ್ತು. ಬ್ರಿಟಿಷರ ಕಾಲದ ಬಂಗಲೆಗಳು, ದೊಡ್ಡ ಮಳೆಮರಗಳು, ಒಂದು ರನ್‌ವೇ, ಒಂದು ಹ್ಯಾಂಗರ್, ಅದರೊಳಗೆ ಐದು ಪುಟ್ಟ ವಿಮಾನಗಳು. ಇಬ್ಬರು ಭುಜಕ್ಕೆ ಭುಜ ತಾಗಿಸಿಕೊಂಡು ಕೂತರೆ ಭರ್ತಿಯಾಗುವಂಥವು. ಆ ಐದನ್ನೂ ನೋಡಿಕೊಳ್ಳುವ ಎಂಜಿನಿಯರ್ ಇವರು. ಬೆಳಿಗ್ಗೆ ಇವರು ಸಹಿ ಹಾಕಿದರೆ ವಿಮಾನ ಹಾರಬಹುದು. ಹಾಕದಿದ್ದರೆ ಕ್ಲಬ್ಬಿನ ಅಧ್ಯಕ್ಷರೇ ಬಂದು ನಿಂತರೂ ಅದು ಕದಲುವಂತಿಲ್ಲ. ಚೀನೀ ಸದಸ್ಯರಿಗೂ ಮಲಯ್ ಸದಸ್ಯರಿಗೂ ಬ್ರಿಟಿಷ್ ಮುದುಕರಿಗೂ ಇವರು ಬರೀ ಅಂಕಲ್. ನಾನು ಹ್ಯಾಂಗರ್ ಅಂಕಲ್ ಅನ್ನುತ್ತಿದ್ದೆ.

ನಾನು ಅಲ್ಲಿಗೆ ಹೋಗಿದ್ದೇ ಹಟಕ್ಕೆ. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನೊಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದೆ. ನನ್ನ ಗಂಡ ಜುರಾಂಗ್ ಆಚೆಯ ದ್ವೀಪದ ರಿಫೈನರಿಯಲ್ಲಿ ಎಂಜಿನಿಯರ್, ದಿನವೂ ಫೆರಿ ಹಿಡಿದು ಹೋಗಿಬರುವವರು. ಬುಕಿತ್ ಪಂಜಾಂಗ್‌ನಲ್ಲಿ ನಮ್ಮ ಫ್ಲಾಟು. ಒಂದು ಭಾನುವಾರ ಕ್ಲಬ್ಬಿನವರು ಸಾರ್ವಜನಿಕರಿಗೆ ವಿಮಾನ ತೋರಿಸುತ್ತಾರೆಂದು ನೋಡಲು ಹೋದೆವು. ಅಲ್ಲಿನ ಗುಮಾಸ್ತೆ ಸೇರ್ಪಡೆಯ ಫಾರಂ ನನ್ನ ಗಂಡನ ಕೈಗೆ ಕೊಟ್ಟಳು. ಫೆರಿಯಲ್ಲೇ ವಾಂತಿ ಮಾಡಿಕೊಳ್ಳುವ ಆಸಾಮಿ ಅವರು! ನಾನು ಫಾರಂ ಕಿತ್ತುಕೊಂಡೆ. ಗುಮಾಸ್ತೆ ನನ್ನ ಸೀರೆ ನೋಡಿ, ನೀನಾ ಅನ್ನುವ ಹಾಗೆ, "ಯು ಆಹ್?" ಅಂದಳು. ಆ ಒಂದು "ಆಹ್" ಇಲ್ಲದಿದ್ದರೆ ನಾನು ಬಹುಶಃ ಮನೆಗೆ ಬಂದು ಮರೆತುಬಿಡುತ್ತಿದ್ದೆ.

ಅಂಕಲ್ ಕನ್ನಡಿಗರೆಂದು ಗೊತ್ತಾಗಿದ್ದು ಎರಡನೆಯ ಶನಿವಾರ. ಎಂಜಿನ್ನಿನ ಕೆಳಗಿಂದ ಒಂದು ದನಿ ಕೇಳಿಸಿತು: "ಬಾರೋ ನನ್ ರಾಜ, ಬಾ. ಎಷ್ಟು ಹೊತ್ತು ಸತಾಯಿಸ್ತೀಯ? ಬರ್ತೀಯೋ ಸುತ್ತಿಗೆ ತರ್ಲೋ?" ತುಕ್ಕು ಹಿಡಿದ ಬೋಲ್ಟಿನ ಜೊತೆ ಮಾತಾಡುತ್ತಿದ್ದರು. ನಾನು ಬಗ್ಗಿ, "ಸುತ್ತಿಗೆ ಬೇಡ ಅಂಕಲ್, ಪಾಪ" ಅಂದೆ. ತಲೆ ಹೊರಗೆ ಹಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೈಸೂರಾ?" ಅಂದರು. "ಹೌದು." "ಕಾಫಿ ಕುಡೀತೀಯಾ?" ಅಷ್ಟೇ ಪರಿಚಯ. ಫ್ಲಾಸ್ಕಿನಲ್ಲಿ ಮನೆಯಿಂದ ಅವರ ಹೆಂಡತಿ, ಆಂಟಿ, ಕೊಟ್ಟ ಫಿಲ್ಟರ್ ಕಾಫಿ ಇತ್ತು. ಹೊರಗಿನ ಅಂಗಡಿಯ ಕಾಫಿಯನ್ನು ಅವರು ಜೀವಮಾನದಲ್ಲಿ ಮುಟ್ಟಲಿಲ್ಲ.

ಪೈಲಟ್‌ಗಳನ್ನು ಅವರು "ಡ್ರೈವರ್‌ಗಳು" ಅನ್ನುತ್ತಿದ್ದರು. ಪ್ರತಿ ವಿಮಾನಕ್ಕೂ ಒಂದು ಡಿಫೆಕ್ಟ್ ಬುಕ್ ಇರುತ್ತದೆ. ಹಾರಿ ಬಂದವರು ವಿಮಾನದಲ್ಲಿ ಏನಾದರೂ ತೊಂದರೆ ಕಂಡಿದ್ದರೆ ಎಡಗಡೆಯ ಕಾಲಂನಲ್ಲಿ ಬರೆಯಬೇಕು. ಎಂಜಿನಿಯರ್ ಅದನ್ನು ಸರಿಪಡಿಸಿ, ಏನು ಮಾಡಿದೆ ಎಂದು ಬಲಗಡೆಯ ಕಾಲಂನಲ್ಲಿ ಬರೆದು ಸಹಿ ಹಾಕಬೇಕು. ಅಂಕಲ್‌ಗೆ ಆ ಪುಸ್ತಕವೆಂದರೆ ಪ್ರಾಣ. ಆದರೆ ಅದರಲ್ಲಿನ ಎಡಗಡೆ ಓದುವಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು. "ನೋಡಿಲ್ಲಿ. ಮುಂದಿನ ಚಕ್ರ ಬಾಗಿರುವುದು ಕಂಡುಬಂದಿದೆ. ತಾನೇ ಬಾಗ್ತಾ ಅದು? ಇವನು ನೆಲಕ್ಕೆ ಕುಕ್ಕಿ ಇಳಿಸಿದ್ದು ಕಿಟಕೀಲಿ ನಾನೇ ನೋಡಿದೀನಿ. ಎಂಟು ವರ್ಷದಲ್ಲಿ ಒಬ್ಬನಾದ್ರೂ ತಾನು ಮಾಡ್ದೆ ಅಂತ ಬರೆದಿಲ್ಲಮ್ಮ. ಕುಣಿಯಕ್ಕೆ ಬರದವಳು ನೆಲ ಡೊಂಕು ಅಂದ್ಲಂತೆ. ಡ್ರೈವರ್ ನನ್ಮಕ್ಕಳು!"

ನನಗೆ ಹಾರಲು ಕಲಿಸಿದವರು ಬೇರೆ ಶಿಕ್ಷಕರು. ಅವರು ಒಳ್ಳೆಯವರೇ. ಆದರೆ ಎಂಜಿನ್ ಕೇಳುವ ಕಿವಿ ಕೊಟ್ಟವರು ಅಂಕಲ್. ಎಂಜಿನ್ ಪರೀಕ್ಷೆ ಮಾಡುವಾಗ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, "ಕಣ್ಣು ಮುಚ್ಚು. ಎಷ್ಟು ಸುತ್ತುತ್ತಿದೆ ಹೇಳು" ಅನ್ನುತ್ತಿದ್ದರು. ನಿಮಿಷಕ್ಕೆ ಎಷ್ಟು ಸುತ್ತು ಅಂತ ಕಿವಿಯಿಂದಲೇ ಹೇಳಬೇಕು. ನಾನು ಹದಿನೇಳು ನೂರು ಅಂದರೆ ಅದು ಇಪ್ಪತ್ತೊಂದು ನೂರು ಆಗಿರುತ್ತಿತ್ತು.

"ಮುಳ್ಳು ನೋಡಿದ್ರೆ ಆಯ್ತಲ್ಲ ಅಂಕಲ್, ಯಾಕೆ ಈ ಕಷ್ಟ?"

"ಮನೇಲಿ ಕುಕ್ಕರ್ ಎಷ್ಟನೇ ವಿಶಲ್ ಅಂತ ಒಳಗೆ ಹೋಗಿ ನೋಡ್ತೀಯಾ? ಹಾಲ್‌ನಲ್ಲಿ ಕೂತೇ ಗೊತ್ತಾಗತ್ತೆ ತಾನೆ? ಹಾಗೇ ಇದೂನೂ. ಮುಚ್ಚು ಕಣ್ಣು."

ಅವರ ಇನ್ನೊಂದು ಗೀಳು ಎಣಿಕೆ. ಸಂಜೆ ಪೆಟ್ಟಿಗೆ ಮುಚ್ಚುವ ಮುಂಚೆ ಸ್ಪ್ಯಾನರ್‌ನಿಂದ ಹಿಡಿದು ಚಿಂದಿ ಬಟ್ಟೆಯವರೆಗೆ ಎಣಿಸಬೇಕು. ಒಂದು ಚಿಂದಿ ಕಡಿಮೆಯಾದರೂ ಯಾವ ವಿಮಾನವೂ ಹೊರಗೆ ಹೋಗುವಂತಿಲ್ಲ. ಆಯುಧಪೂಜೆಯ ದಿನವಂತೂ ಇದು ತಮಾಷೆಯಾಗಿರುತ್ತಿತ್ತು. ಪೂಜೆಯನ್ನು ಅವರು ಬಿಟ್ಟವರಲ್ಲ, ಪ್ರತಿ ವರ್ಷ ಹ್ಯಾಂಗರ್ ಒಳಗೇ ಮಾಡುತ್ತಿದ್ದರು. ಐದು ವಿಮಾನ, ಹದಿನೈದು ಚಕ್ರ, ಹದಿನೈದು ನಿಂಬೆಹಣ್ಣು. ಚಕ್ರ ಉರುಳಿಸಿದ ಮೇಲೆ ಅಪ್ಪಚ್ಚಿಯಾದ ಹದಿನೈದನ್ನೂ ಎಣಿಸಿ ಬುಟ್ಟಿಗೆ ಹಾಕಬೇಕು. ಬೂದುಗುಂಬಳ ಒಡೆಯುವುದು ಬಕೆಟ್ಟಿನೊಳಗೆ. ಅರಿಶಿನ, ಕುಂಕುಮ, ಗಂಧ ಎಲ್ಲ ಪ್ರೊಪೆಲ್ಲರಿನ ಮೂತಿಗೆ ಮತ್ತು ಚಕ್ರಗಳಿಗೆ ಮಾತ್ರ. "ದೇವರಿಗೆ ಇಷ್ಟು ಜಾಗ ಸಾಕು. ಮಿಕ್ಕ ಮೈಯೆಲ್ಲ ಗಾಳಿಗೆ ಬೇಕು" ಅನ್ನುತ್ತಿದ್ದರು.

ಆ ವರ್ಷ ಆಯುಧಪೂಜೆ ಶನಿವಾರ ಬಂತು. ನಾನು ಒಬ್ಬಳೇ ಹಾರಲು ಶುರುಮಾಡಿ ಮೂರು ವಾರವಾಗಿತ್ತು. ಅಂಕಲ್ ಗಂಧದ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ನಿನ್ನ ವಿಮಾನದ ಚಕ್ರಕ್ಕೆ ನೀನೇ ಇಡು" ಅಂತ ಹೇಳಿ ಆಚೆ ಹೋದರು. ಇಟ್ಟೆ. ವಿಮಾನವನ್ನು ಹೊರಗೆ ತಳ್ಳಿಸಿದೆ. ಸುತ್ತ ಒಂದು ಸುತ್ತು ಬಂದು ಒಂದೊಂದೇ ಭಾಗ ಮುಟ್ಟಿ ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿತ್ತು. ಹತ್ತುವ ಮುಂಚೆ ಬಟ್ಟಲಲ್ಲಿ ಇನ್ನೂ ಸ್ವಲ್ಪ ಗಂಧ, ಅರಿಶಿನ ಉಳಿದಿರುವುದು ಕಣ್ಣಿಗೆ ಬಿತ್ತು. ವಿಮಾನದ ಎಡಗೆನ್ನೆಯ ಮೇಲೆ, ಬಾಗಿಲಿಗೂ ಮೂತಿಗೂ ನಡುವೆ, ರೂಪಾಯಿಯಗಲದ ಒಂದು ಬೆಳ್ಳನೆ ಬಿಲ್ಲೆ ಇರುತ್ತದೆ. ಬೊಟ್ಟಿಡಲೆಂದೇ ಮಾಡಿದ ಹಾಗಿತ್ತು. ದಪ್ಪಗೆ ಬೊಟ್ಟಿಟ್ಟು, ಮೇಲೆ ನಾಲ್ಕು ಅಕ್ಷತೆ ಕಾಳು ಒತ್ತಿ, ಕೈಮುಗಿದು ಹತ್ತಿದೆ. ರನ್‌ವೇ ತುದಿಯಲ್ಲಿ ಸರದಿಗೆ ಕಾಯುವಷ್ಟರಲ್ಲಿ ಹತ್ತು ಗಂಟೆಯ ಬಿಸಿಲಿಗೆ ಆ ಬೊಟ್ಟು ಗಾರೆಯ ಹಾಗೆ ಒಣಗಿತ್ತು.

ಆ ಬಿಲ್ಲೆಯ ನಡುವೆ ಸೂಜಿ ತೂತು ಇರುತ್ತದೆ. ಎತ್ತರ ತೋರಿಸುವ ಮುಳ್ಳು, ವೇಗ ತೋರಿಸುವ ಮುಳ್ಳು ಎರಡೂ ಉಸಿರಾಡುವುದು ಆ ತೂತಿನಿಂದ. ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು! ಪರೀಕ್ಷೆಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಐದು ನಿಮಿಷದ ಹಿಂದೆ ಅದೇ ತೂತನ್ನು ಬೆರಳಿಟ್ಟು ನೋಡಿದ್ದೆ. ಕೈಯಲ್ಲಿ ಗಂಧದ ಬಟ್ಟಲು ಬಂದ ತಕ್ಷಣ ನಾನು ಪೈಲಟ್ ಆಗಿ ಉಳಿಯಲಿಲ್ಲ, ಮೈಸೂರಿನ ನಮ್ಮ ಮನೆಯ ಸ್ಕೂಟರಿಗೆ ಬೊಟ್ಟಿಡುವ ಹುಡುಗಿಯಾಗಿದ್ದೆ.

ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ವೇಗದ ಮುಳ್ಳು ಜಾರಲು ಶುರುವಾಯಿತು. ಇನ್ನೂರು ಅಡಿ ಏರುವಷ್ಟರಲ್ಲಿ ಸೊನ್ನೆ. ಎತ್ತರದ ಮುಳ್ಳು ಅಲ್ಲಾಡಲೇ ಇಲ್ಲ. ಕೆಳಗೆ ಜೋಹೋರ್ ಜಲಸಂಧಿಯ ಕಂದು ನೀರು, ದೋಣಿಗಳು. ಮುಳ್ಳುಗಳ ಪ್ರಕಾರ ನಾನಿನ್ನೂ ನೆಲದ ಮೇಲೆ ಸುಮ್ಮನೆ ನಿಂತಿದ್ದೆ. ವೇಗ ಕಡಿಮೆಯಾದರೆ ವಿಮಾನ ಬೀಳುತ್ತದೆ, ಮೂಗು ಕೆಳಗೆ ಒತ್ತು ಎಂದು ಪುಸ್ತಕ ಹೇಳುತ್ತದೆ. ಒತ್ತಿದೆ ಕೂಡ. ನೀರು ಮೇಲೆ ಬಂದಂತಾಯಿತು. ಆಗ ಎಂಜಿನ್ನಿನ ದನಿ ಕಿವಿಗೆ ಬಿತ್ತು. ಅದು ಗಟ್ಟಿಯಾಗಿ, ನೆಟ್ಟಗೆ ಕೂಗುತ್ತಿತ್ತು. ಇಪ್ಪತ್ಮೂರು ನೂರು, ನನಗೆ ಗೊತ್ತಿದ್ದ ದನಿ. ಇಷ್ಟು ಜೋರಾಗಿ ಎಳೆಯುತ್ತಿರುವ ಎಂಜಿನ್ ನಿಂತ ವಿಮಾನದ್ದಾಗಿರಲು ಸಾಧ್ಯವೇ ಇಲ್ಲ. ಮುಳ್ಳುಗಳು ಸುಳ್ಳು ಹೇಳುತ್ತಿವೆ. ಮೂಗನ್ನು ದಿಗಂತಕ್ಕೆ ಸರಿಮಾಡಿ, ಎರಡು ಮುಳ್ಳು ಕೆಲಸ ಮಾಡುತ್ತಿಲ್ಲವೆಂದು ಕಂಟ್ರೋಲ್ ಟವರಿಗೆ ಹೇಳಿ, ಕಿವಿ ಮತ್ತು ಕಣ್ಣು ಎರಡನ್ನೇ ನಂಬಿ ಸುತ್ತು ಬಂದು ಇಳಿಸಿದೆ.

ಕೆಳಗಿಳಿದು ಎಡಗಡೆ ನೋಡಿದೆ. ಬಿಲ್ಲೆಯ ಮೇಲೆ ನನ್ನ ಬೊಟ್ಟು ಅಚ್ಚುಕಟ್ಟಾಗಿ ಕೂತಿತ್ತು. ಆ ಕ್ಷಣದಲ್ಲಿ ನಾನು ಮಾಡಲು ಹೊರಟಿದ್ದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ಸುತ್ತ ನೋಡಿದೆ. ಯಾರೂ ಇರಲಿಲ್ಲ. ಕರ್ಚೀಫಿಗೆ ಬಾಟಲಿ ನೀರು ಹಾಕಿ ಕೈ ಎತ್ತಿದೆ.

"ಒರೆಸ್ತೀಯಾ?"

ಹ್ಯಾಂಗರ್ ಬಾಗಿಲಲ್ಲಿ ಅಂಕಲ್ ನಿಂತಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಒರೆಸು. ನಾನೂ ನೋಡ್ಲಿಲ್ಲ ಅಂತೀನಿ. ಟವರ್‌ನವರು ಆಗ್ಲೇ ಬರ್ಕೊಂಡಿರ್ತಾರೆ, ಇನ್‌ಸ್ಟ್ರುಮೆಂಟ್ ಫೇಲ್ಯೂರ್ ಅಂತ. ಬೆಳಿಗ್ಗೆ ಈ ವಿಮಾನಕ್ಕೆ ಸಹಿ ಹಾಕಿದೋನು ನಾನು. ತಪ್ಪು ನನ್ನ ತಲೆ ಮೇಲೆ ಬರತ್ತೆ. ಬರ್ಲಿ, ನಂಗೇನಾಗ್ಬೇಕು? ಆದ್ರೆ ನೀನು ಅದನ್ನ ಹೊತ್ಕೊಂಡು ಎಷ್ಟು ವರ್ಷ ಓಡಾಡ್ತೀಯ?"

"ಅಂಕಲ್, ಬರೆದ್ರೆ ನನ್ನನ್ನ ಕ್ಲಬ್‌ನಿಂದ ತೆಗೆದು ಹಾಕ್ತಾರೆ. ಮತ್ತೆ ಹಾರೋದು ಅಂದ್ರೆ ಮುಗೀತು. ನಿಮ್ಗೆ ಗೊತ್ತಲ್ವಾ ಇವ್ರು ಹೇಗೆ ಅಂತ?"

"ಗೊತ್ತು. ತೆಗೆಯಕ್ಕೆ ಬಿಡಲ್ಲ. ಆದ್ರೆ ಮೊದ್ಲು ನೀನು ಬರಿ."

ವಿಮಾನದೊಳಗಿಂದ ಡಿಫೆಕ್ಟ್ ಬುಕ್ ತಂದು ತಾವೇ ಪುಟ ತೆರೆದು ಹಿಡಿದರು. ನನ್ನ ಹತ್ತಿರ ಪೆನ್ನಿರಲಿಲ್ಲ. ಅವರ ಎದೆಯ ಪೆನ್ನಿಂದಲೇ ಬರೆಯಬೇಕಾಯಿತು. ತಂತಿ ಗಿಡ್ಡವಾದ್ದರಿಂದ ಅವರು ಹತ್ತಿರ ಬಗ್ಗಿ ನಿಂತರು. ಎಣ್ಣೆ, ಬೆವರು, ಗಂಧ ಮೂರರ ವಾಸನೆಯೂ ಬರುತ್ತಿತ್ತು. ಹಬ್ಬದ ಬೊಟ್ಟಿಟ್ಟು ಗಾಳಿಯ ತೂತು ಮುಚ್ಚಿದೆ, ಪರೀಕ್ಷೆ ಮುಗಿದ ಮೇಲೆ ಇಟ್ಟೆ, ತಪ್ಪು ನನ್ನದು ಎಂದು ಬರೆದು ಹೆಸರು ಹಾಕಿದೆ. ಅಂಕಲ್ ಬೆಂಕಿಕಡ್ಡಿಯ ತುದಿಯಿಂದ ಗಂಧ ಕೆರೆದು, ತೂತು ಬಿಡಿಸಿ, ಬಲಗಡೆ ಬರೆದು ಸಹಿ ಹಾಕಿದರು. ಶಹಭಾಸ್ ಅನ್ನಲಿಲ್ಲ, ಬೈಯಲೂ ಇಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವರ ಮೇಲೆ ನನಗೆಷ್ಟು ಕೋಪವಿತ್ತೆಂದರೆ, ಇನ್ನು ಈ ಮುದುಕನ ಮುಖ ನೋಡಬಾರದು ಎಂದುಕೊಂಡಿದ್ದೆ.

ಬುಧವಾರ ಸಂಜೆ ಕಮಿಟಿ ಸೇರಿತು. ಕ್ಲಬ್ಬಿನ ಮಹಡಿಯ ಮೇಲೆ ಉದ್ದ ಮೇಜು, ಏಳು ಗಂಡಸರು, ಒಂದು ಬದಿಗೆ ನಾನು. ಅಧ್ಯಕ್ಷರು ಸ್ವಂತ ವ್ಯಾಪಾರವಿದ್ದ ಚೀನೀ ಮನುಷ್ಯ, ಕೆಟ್ಟವರೇನಲ್ಲ. ನಾನು ಬರೆದ ಸಾಲನ್ನು ಗಟ್ಟಿಯಾಗಿ ಓದಿದರು. ಒಬ್ಬ ಸದಸ್ಯ ಕಿಸಕ್ಕನೆ ನಕ್ಕ. ಇನ್ನೊಬ್ಬ, ಇದು ಫ್ಲೈಯಿಂಗ್ ಕ್ಲಬ್ಬೋ ದೇವಸ್ಥಾನವೋ ಎಂದ. "ದಿಸ್ ಕೈಂಡ್ ಆಫ್ ಥಿಂಗ್ ಕೆನಾಟ್ ಲಾ" ಅಂದರು ಅಧ್ಯಕ್ಷರು, ಇಂಥದ್ದೆಲ್ಲ ನಡೆಯುವುದಿಲ್ಲ ಅಂತ ಸಿಂಗಪುರದ ಇಂಗ್ಲಿಷಿನಲ್ಲಿ. ಎರಡು ತೀರ್ಮಾನ ಅವರ ಮುಂದೆ ಬರೆದೇ ಇತ್ತು: ಒಂದು, ನನ್ನ ಸದಸ್ಯತ್ವ ರದ್ದು, ಎರಡು, ಇನ್ನು ವಿಮಾನಗಳಿಗೆ ಪೂಜೆ ಇಲ್ಲ.

ಯಾರೂ ಕರೆಯದೆ ಅಂಕಲ್ ಒಳಗೆ ಬಂದರು. ಅದೇ ಎಣ್ಣೆ ಅಂಗಿ. ಕಂಕುಳಲ್ಲಿ ಒಂಬತ್ತು ಡಿಫೆಕ್ಟ್ ಬುಕ್‌ಗಳು. ಮೇಜಿನ ಮೇಲೆ ಧೊಪ್ಪೆಂದು ಹಾಕಿದರು. ಅವರು ಇಂಗ್ಲಿಷಿನಲ್ಲೇ ಮಾತಾಡಿದ್ದು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂಟು ವರ್ಷದ ಪುಸ್ತಕಗಳು. ಇದರಲ್ಲಿ ತಪ್ಪು ನನ್ನದು ಎಂದು ಬರೆದವರು ಈಕೆಯೊಬ್ಬಳೇ. ತಪ್ಪು ಮಾಡಿದ್ದಾಳೆ. ಶಿಕ್ಷೆ ಕೊಡಿ, ನಾನೂ ಒಪ್ಪುತ್ತೇನೆ. ಆದರೆ ಹೊರಗೆ ಹಾಕಿದರೆ ನಾಳೆಯಿಂದ ಈ ಪುಸ್ತಕದಲ್ಲಿ ಯಾರೂ ಏನೂ ಬರೆಯುವುದಿಲ್ಲ. ಈಗಲೇ ಅರ್ಧ ಮುಚ್ಚಿಡುತ್ತೀರಿ, ಆಮೇಲೆ ಪೂರ್ತಿ ಮುಚ್ಚಿಡುತ್ತೀರಿ. ಯಾರೂ ನಿಜ ಬರೆಯದ ವಿಮಾನಕ್ಕೆ ನಾನು ಹೇಗೆ ಸಹಿ ಹಾಕಲಿ? ಹಾಕುವುದಿಲ್ಲ."

"ಅಂಕಲ್, ಹೆದರಿಸ್ತಾ ಇದ್ದೀರಾ?" ಎಂದರು ಅಧ್ಯಕ್ಷರು.

"ಇಲ್ಲ. ಕೆಲಸ ಬಿಡ್ತಾ ಇದ್ದೇನೆ."

ಜೇಬಿನಿಂದ ತಂತಿ ಕತ್ತರಿಸುವ ಇಕ್ಕಳ ತೆಗೆದು ಎದೆಯ ತಂತಿಯನ್ನು ಟಕ್ ಅಂತ ಕತ್ತರಿಸಿದರು. ಪೆನ್ನನ್ನು ಪುಸ್ತಕಗಳ ಮೇಲಿಟ್ಟರು. ಐವತ್ತೇಳು ವರ್ಷದ ಮನುಷ್ಯ. ಆ ವಯಸ್ಸಿನಲ್ಲಿ ಸಿಂಗಪುರದಲ್ಲಿ ಇನ್ನೊಂದು ಹ್ಯಾಂಗರಿನಲ್ಲಿ ಕೆಲಸ ಸಿಗುವುದು ಸುಲಭವಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಿಸಕ್ಕನೆ ನಕ್ಕಿದ್ದ ಸದಸ್ಯ ಮೇಲಿನ ಪುಸ್ತಕವನ್ನೇ ದಿಟ್ಟಿಸುತ್ತಿದ್ದ. ಆ ವರ್ಷ ತಾನೇ ಬಾಗಿದ ಚಕ್ರ ಅವನದೇ ಎಂದು ಆಮೇಲೆ ತಿಳಿಯಿತು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನನ್ನನ್ನು ಹೊರಗೆ ಕಳಿಸಿದರು. ಅರ್ಧ ಗಂಟೆಯ ನಂತರ ಕರೆದು ಹೇಳಿದ್ದು: ಮೂರು ತಿಂಗಳು ಹಾರುವಂತಿಲ್ಲ, ಸದಸ್ಯತ್ವ ಉಳಿಯುತ್ತದೆ, ವಿಮಾನಕ್ಕೆ ಪೂಜೆ ಮಾತ್ರ ಖಡಾಖಂಡಿತ ಇಲ್ಲ. ಪೆನ್ನನ್ನು ಅಧ್ಯಕ್ಷರೇ ಅಂಕಲ್ ಕೈಗೆ ವಾಪಸ್ಸು ಕೊಟ್ಟರು.

ಮೆಟ್ಟಿಲಿಳಿಯುವಾಗ ನನಗೆ ಅಳು ಬಂತು. "ಸಾರಿ ಅಂಕಲ್, ನಿಮ್ಮನ್ನ ಮನಸ್ಸಲ್ಲಿ ಎಷ್ಟು ಬೈಕೊಂಡಿದ್ದೆ ಗೊತ್ತಾ?" ಅಂದೆ. "ಬೈಕೋ, ಪರವಾಗಿಲ್ಲ. ಮೂರು ತಿಂಗಳು ಪ್ರತಿ ಶನಿವಾರ ಏಳು ಗಂಟೆಗೆ ಬಾ. ಐದೂ ವಿಮಾನ ತೊಳಿಬೇಕು" ಅಂದರು. ತೊಳೆದೆ. ಹೊಟ್ಟೆಯ ಕೆಳಗೆ ಮಲಗಿ ಎಣ್ಣೆ ಕೆರೆದೆ. ಬಿಲ್ಲೆ ಬಂದಾಗಲೆಲ್ಲ ಅವರು ಬೇಕೆಂದೇ ಕೆಮ್ಮುತ್ತಿದ್ದರು.

ಮುಂದಿನ ವರ್ಷದ ಆಯುಧಪೂಜೆಯ ಕಥೆಯನ್ನು ಕ್ಲಬ್ಬಿನ ಹಳಬರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಅವತ್ತು ಬೆಳಿಗ್ಗೆ ಹಾರಲು ಬಂದವರಿಗೆ ವಿಮಾನಗಳು ಸ್ವಚ್ಛವಾಗಿ ಸಾಲಾಗಿ ನಿಂತದ್ದು ಕಂಡಿತು, ಒಂದು ಚುಕ್ಕೆ ಕುಂಕುಮವಿಲ್ಲ. ಆದರೆ ಅಂಕಲ್‌ನ ಕೆಲಸದ ಮೇಜಿನ ಮೇಲೆ ಐದು ಡಿಫೆಕ್ಟ್ ಬುಕ್‌ಗಳು ಒಂದರ ಮೇಲೊಂದು. ಮೇಲೆ ಅರಿಶಿನ, ಕುಂಕುಮ, ಚೆಂಡುಹೂವು, ಪಕ್ಕದಲ್ಲಿ ದೀಪ, ಬಾಳೆಹಣ್ಣು. ಅಧ್ಯಕ್ಷರು ಓಡಿ ಬಂದರು.

"ಅಂಕಲ್! ಪೂಜೆ ಇಲ್ಲ ಅಂತ ಹೇಳಿದ್ವಲ್ಲ?"

"ವಿಮಾನಕ್ಕೆ ಇಲ್ಲ ಅಂದ್ರಿ, ಮಾಡಿಲ್ಲ. ನಮ್ಮಲ್ಲಿ ಪುಸ್ತಕಕ್ಕೂ ಪೂಜೆ ಮಾಡ್ತೀವಿ. ಪೂಜೆಗಿಟ್ಟ ಪುಸ್ತಕ ನಾಳೆ ತನಕ ತೆರೆಯೋ ಹಾಗಿಲ್ಲ."

ಪುಸ್ತಕ ತೆರೆಯದೆ ಸಹಿ ಇಲ್ಲ, ಸಹಿ ಇಲ್ಲದೆ ಹಾರಾಟವಿಲ್ಲ. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಓಕೆ ಲಾ, ಅಂಕಲ್, ಯು ವಿನ್" ಎಂದು ಬಾಳೆಹಣ್ಣು ಸುಲಿದುಕೊಂಡು ಹೋದರು. ಅವತ್ತು ಸೆಲೆಟಾರ್‌ನಲ್ಲಿ ನಮ್ಮ ಕ್ಲಬ್ಬಿನ ಒಂದು ವಿಮಾನವೂ ಮೇಲೇಳಲಿಲ್ಲ. ಪ್ರತಿ ವರ್ಷವೂ ಆ ದಿನ ಹಾಗೇ ನಡೆಯಿತು.

ನನಗೆ ಲೈಸೆನ್ಸ್ ಸಿಕ್ಕಿತು. ಅದಕ್ಕೂ ಒಂದು ರಾಮಾಯಣ. ಈ ದ್ವೀಪ ಎಷ್ಟು ಚಿಕ್ಕದೆಂದರೆ ಒಬ್ಬಳೇ ದೂರ ಹಾರಿ ತೋರಿಸುವ ಪರೀಕ್ಷೆಗೆ ಪಕ್ಕದ ದೇಶಕ್ಕೇ ಹೋಗಬೇಕು. ಉಳಿದವರು ಪಾಸ್‌ಪೋರ್ಟ್ ಜೇಬಿಗೆ ತುರುಕಿಕೊಂಡು ಹೋದರು. ನನ್ನ ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ವೀಸಾ ಫಾರಂನಲ್ಲಿ ವಿಮಾನದ ನಂಬರ್ ಎಂದು ಒಂದು ಕಾಲಂ. ಕೌಂಟರಿನವನು ಯಾವ ಏರ್‌ಲೈನ್ ಅಂದ. "ನಾನೇ" ಅಂದೆ. ಅವನು ನಂಬಲಿಲ್ಲ, ಮಾರನೆಯ ದಿನ ಬಾ ಅಂದ. ಅಂಕಲ್ ವಿಮಾನದ ಬಾಲದ ಮೇಲಿನ ಅಕ್ಷರಗಳನ್ನು ಕ್ಲಬ್ಬಿನ ಕಾಗದದ ಮೇಲೆ ಬರೆದು ಸಹಿ, ಸೀಲು ಹಾಕಿ ಕೊಟ್ಟರು. "ಇನ್ನೂ ಗಲಾಟೆ ಮಾಡಿದ್ರೆ ಡ್ರೈವರ್ ಅಂತ ಬರಿ" ಅಂದರು. ಮಲಾಕ್ಕಾದಲ್ಲಿ ಇಳಿದು ಹಿಂತಿರುಗಿ ಬಂದ ಸಂಜೆ ಅವರು ವಿಮಾನದ ಸುತ್ತ ಬಂದು, ಎಡಗೆನ್ನೆಯ ಬಿಲ್ಲೆಯ ಮೇಲೆ ಒಮ್ಮೆ ಬೆರಳಾಡಿಸಿ, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ಕೊಟ್ಟರು.

ದಶಕದ ಕೊನೆಯ ವರ್ಷ ಅವರಿಗೆ ಶ್ವಾಸಕೋಶದ ಕಾಯಿಲೆ ಬಂತು. ಆಸ್ಪತ್ರೆಯ ನೀಲಿ ಅಂಗಿಗೆ ಗುಂಡಿಯೇ ಇರಲಿಲ್ಲ. ತಂತಿ, ಪೆನ್ನು ಎರಡೂ ಮಂಚದ ಪಕ್ಕದ ಸಣ್ಣ ಮೇಜಿನ ಮೇಲಿದ್ದವು. ಒಂದು ಮಧ್ಯಾಹ್ನ ನಾನು ಹೋದಾಗ ಆಂಟಿ ಪಕ್ಕದ ಕುರ್ಚಿಯಲ್ಲಿ ಅವರ ಖಾಕಿ ಅಂಗಿಯ ಹರಿದ ಗುಂಡಿತೂತು ಹೊಲಿಯುತ್ತಿದ್ದರು, ನಾಳೆಯೇ ಕೆಲಸಕ್ಕೆ ಹೋಗುವವರಿಗೆ ಸಿದ್ಧಮಾಡುವಂತೆ. ಅಂಕಲ್ ಉಸಿರು ಎಳೆದುಕೊಳ್ಳುತ್ತಾ ಹೇಳಿದರು.

"ನೀನು ಕೇಳಿದ್ಯಲ್ಲ ಒಂದ್ಸಲ, ಪೆನ್ನು ಯಾಕೆ ಕಟ್ಟಿದೀರ ಅಂತ."

ಅವರಿಗಾಗ ಇಪ್ಪತ್ತಾರು ವರ್ಷವಂತೆ. ಭಾರತದಲ್ಲಿ ಒಂದು ಊರಿನ ಹ್ಯಾಂಗರ್. ಯಾವ ಊರೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ವಿಮಾನದ ಕೆಲಸ ಮುಗಿಸಿ ಸಹಿ ಹಾಕುವ ಅವಸರದಲ್ಲಿ ಅವರ ಪೆನ್ನು ಒಳಗೆ ಬಿತ್ತು. ಹುಡುಕಲಿಲ್ಲ. ಅದು ಉರುಳಿಕೊಂಡು ಹೋಗಿ ಬಾಲದ ರೆಕ್ಕೆ ಅಲ್ಲಾಡಿಸುವ ಸರಳಿನ ಸಂದಿಗೆ ಸಿಕ್ಕಿತು. ಇಳಿಯುವಾಗ ವಿಮಾನ ನೆಲಕ್ಕೆ ಬಡಿಯಿತು. ಪೈಲಟ್ ಬದುಕಿದ, ಒಂದು ಕಾಲು ಹೋಯಿತು. ತನಿಖೆಯಲ್ಲಿ ಪೆನ್ನು ಸಿಕ್ಕಿತು. ಅಲ್ಲಿ ಎಲ್ಲರಿಗೂ ಒಂದೇ ಥರದ ಪೆನ್ನು. ಒಳಗೆ ಕೊನೆಗೆ ಇಳಿದವರು ಹಿರಿಯ ಫಿಟ್ಟರ್ ಎಂದು ಲೆಕ್ಕ ಹಾಕಿ ಅವರನ್ನು ಕೆಲಸದಿಂದ ತೆಗೆದರು. ಅಂಕಲ್‌ಗೆ ಕೆಲಸ ಕಲಿಸಿದವರೇ ಅವರು. ನಿವೃತ್ತಿಗೆ ಎರಡು ವರ್ಷವಿತ್ತು.

"ನಾನು ಬಾಯಿ ಬಿಡ್ಲಿಲ್ಲಮ್ಮ. ಹೊಸದಾಗಿ ಮದುವೆ ಆಗಿತ್ತು. ಅವರು ಗೇಟಿನಿಂದ ಆಚೆ ಹೋಗೋವಾಗ ನನ್ನ ಬೆನ್ನು ತಟ್ಟಿ, ಹುಷಾರಾಗಿ ಕೆಲಸ ಮಾಡು ಮಗ ಅಂದ್ರು. ಮೂರು ವರ್ಷ ಆದ್ಮೇಲೆ ಹುಡುಕ್ಕೊಂಡು ಹೋದೆ. ಮನೆ ಖಾಲಿ ಮಾಡಿದ್ರು. ಎಲ್ಲಿ ಹೋದ್ರೋ ಯಾರಿಗೂ ಗೊತ್ತಿರ್ಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ. ಅವರದ್ದು ಪೆನ್ನಿಗೆ ಹೋಯ್ತು, ಅದೂ ನನ್ನ ಪೆನ್ನಿಗೆ."

ನಾನು ಏನಾದರೂ ಸಮಾಧಾನದ ಮಾತು ಹೇಳಲು ಬಾಯಿ ತೆರೆದೆ. ಕೈ ಎತ್ತಿ ತಡೆದರು.

"ಇದನ್ನ ಬರಿ. ನಂಗೆ ಆಗಲ್ಲ ಈಗ. ಎಡಗಡೆ ನಾನು ಮಾಡಿದ್ದು ಬರಿ. ಬಲಗಡೆ ಏನೂ ಬರೀಬೇಡ. ನಾನು ಸರಿ ಮಾಡ್ಲಿಲ್ಲ. ಖಾಲಿ ಇದೆ ಅಂತ ಎಲ್ರಿಗೂ ಕಾಣ್ಲಿ."

ಒಂಬತ್ತು ದಿನದ ಮೇಲೆ ಹೋದರು. ಮಂಡಾಯ್ ಚಿತಾಗಾರದಲ್ಲಿ ಸುಟ್ಟೆವು. ಅಧ್ಯಕ್ಷರೂ, ಕಿಸಕ್ಕನೆ ನಕ್ಕಿದ್ದ ಆ ಸದಸ್ಯನೂ ಬಂದಿದ್ದರು. ಕ್ಲಬ್ಬಿನ ಡಿಫೆಕ್ಟ್ ಬುಕ್‌ಗಳಲ್ಲಿ ಈಗ ಆ ಸದಸ್ಯನ ಹೆಸರು ಮೂರು ಕಡೆ ಇದೆ, ತಪ್ಪು ನನ್ನದು ಎಂಬ ಮಾತಿನ ಜೊತೆಗೆ.

ಸಂಪಾದಕರು ಕತ್ತರಿಸಬೇಕೆಂದದ್ದು ಇದನ್ನೇ. ಅವರಿಗೆ ಉತ್ತರ ಕೊಡುವ ಮುಂಚೆ ನಾನು ಆಂಟಿಯ ಮನೆಗೆ ಹೋಗಿ, ಬರೆಯಲೇ ಬೇಡವೇ ಎಂದು ಕೇಳಿದ್ದೆ. ಆಂಟಿ ಫಿಲ್ಟರಿಗೆ ಕಾಫಿ ಪುಡಿ ಹಾಕುತ್ತಿದ್ದವರು ತಿರುಗಿ ನೋಡಲೂ ಇಲ್ಲ. "ಮೂವತ್ತೈದು ವರ್ಷ ಆ ಗುಂಡಿತೂತು ಹೊಲಿದೋಳು ನಾನು. ಯಾರು ಬೇಡ ಅಂದಿದ್ದು? ಬರಿ" ಅಂದರು.

ಇಂಥ ಮನುಷ್ಯನನ್ನು ದೇವರಂತೆ ಮಾಡಿ, ಹಾರ ಹಾಕಿ, ಗೋಡೆಗೆ ತೂಗುಹಾಕಲು ನಾನು ಬಿಡುವುದಿಲ್ಲ. ಕರ್ಚೀಫು ಹಿಡಿದ ನನ್ನ ಕೈಯನ್ನು ಅವತ್ತು ಅವರು ತಡೆದದ್ದು ದೇವರಾಗಿದ್ದರಿಂದಲ್ಲ. ಒರೆಸಿಬಿಟ್ಟವನ ಪಾಡು ಏನೆಂದು ಅವರಿಗೆ ಗೊತ್ತಿತ್ತು. ಹಾಗಾಗಿ, ಯಾರು ಏನೇ ಅನ್ನಲಿ, ಅಂಕಲ್ ಹೇಳಿದ ಹಾಗೇ ಬರೆದಿದ್ದೇನೆ.

ಎಡಗಡೆ: ಇಪ್ಪತ್ತಾರನೆಯ ವಯಸ್ಸಿನಲ್ಲಿ ಪೆನ್ನು ವಿಮಾನದೊಳಗೆ ಬೀಳಿಸಿದೆ. ಹುಡುಕಲಿಲ್ಲ. ಒಬ್ಬರ ಕಾಲು ಹೋಯಿತು, ಇನ್ನೊಬ್ಬರ ಮಾನ ಹೋಯಿತು. ನಾನು ಸುಮ್ಮನಿದ್ದೆ. ತಪ್ಪು ನನ್ನದು.

ಬಲಗಡೆ: